ಒಂದು ಸೊಂಟನೋವು, ನಾಲ್ಕು ಬಗೆಯ ಚಿತ್ರಗಳು

ಕಳೆದ ಮಳೆಗಾಲದ ಕೊನೆಯಲ್ಲಿ ಶುರುವಾದ ಸೊಂಟನೋವಿನ ಕಾರಣ ಹುಡುಕುವುದಕ್ಕಾಗಿ ನಾನು ಎಕ್ಸ್-ರೇ, ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಮತ್ತು ಎಂಆರ್‌ಐ ಈ ನಾಲ್ಕೂ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕಾಯಿತು. ಶಿರಸಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಈ ಯಂತ್ರಗಳ ಹಿಂದಿನ ತತ್ವ ಪುಸ್ತಕದ ಮಟ್ಟಿಗೆ ತಿಳಿದಿತ್ತು. ಅವುಗಳ ಮೇಜಿನ ಮೇಲೆ ಮಲಗಿ, ಚೀಟಿ ಹಿಡಿದು ಬಾಗಿಲ ಹೊರಗೆ ಕಾದು, ರಿಪೋರ್ಟನ್ನು ವೈದ್ಯರ ಎದುರು ಬಿಚ್ಚಿಟ್ಟು ಕುಳಿತಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಯಾರದಾದರೂ ಕಾಯಿಲೆ ಬೇಗ ಪತ್ತೆಯಾಗದಿದ್ದರೆ "ಒಂದ್ಸಲ ಸ್ಕ್ಯಾನಿಂಗ್ ಮಾಡಿಸಿಬಿಡಿ, ಎಲ್ಲಾ ಗೊತ್ತಾಗ್ತದೆ" ಎನ್ನುವುದು ರೂಢಿ. ಎಲ್ಲವನ್ನೂ ಹೇಳುವ ಯಂತ್ರ ನನಗೆ ಒಂದೂ ಸಿಗಲಿಲ್ಲ. ಪ್ರತಿಯೊಂದೂ ತನ್ನಿಂದಾಗುವ ಒಂದು ಬಗೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತು, ಆ ಪ್ರಶ್ನೆಯನ್ನು ಹುಟ್ಟಿಸಿದ್ದು ಪ್ರತಿ ಸಲವೂ ವೈದ್ಯರು ಕೈಯಿಂದ ಮುಟ್ಟಿ ಮಾಡಿದ ತಪಾಸಣೆ.

ನೋವು ಬಲಗಡೆ ಇತ್ತು. ಕೆಲವು ದಿನ ಅದು ಸೊಂಟದಿಂದ ಮುಂದಕ್ಕೆ, ತೊಡೆಸಂದಿಯವರೆಗೆ ಅಲೆಯಂತೆ ಬಂದು ಹೋಗುತ್ತಿತ್ತು. ಇನ್ನು ಕೆಲವು ದಿನ ತೊಡೆಯ ಹಿಂಬದಿಯಿಂದ ಮೀನಖಂಡದ ಹೊರಬದಿಗೆ ಇಳಿದು ಪಾದದವರೆಗೆ ಸೆಳೆಯುತ್ತಿತ್ತು. ಶಿರಸಿಯ ನಮ್ಮ ವೈದ್ಯರು ಬೆನ್ನು ಒತ್ತಿ, ಪಕ್ಕೆ ತಟ್ಟಿ, ಕಾಲು ಎತ್ತಿಸಿ ನೋಡಿ, ಮೊದಲು ಬೆನ್ನುಮೂಳೆಯ ಎಕ್ಸ್-ರೇ ಆಗಲಿ ಎಂದರು. ಚೀಟಿಯಲ್ಲಿ ಅವರು ಪರೀಕ್ಷೆಯ ಹೆಸರಿನ ಜೊತೆಗೆ ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವುದರ ಅನುಮಾನವಿದೆ ಎಂಬುದನ್ನೂ ಎರಡು ಸಾಲಿನಲ್ಲಿ ಬರೆದರು. ಆ ಎರಡು ಸಾಲು ಎಷ್ಟು ಮುಖ್ಯವೆಂಬುದು ಮುಂದೆ ಹಂತಹಂತವಾಗಿ ನನಗೆ ಮನದಟ್ಟಾಯಿತು.

ಎಕ್ಸ್-ರೇ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ, ಅದರ ಕೆಳಗೆ ವಿಕಿರಣದ ಮೂರೆಸಳಿನ ಚಿಹ್ನೆ, ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಕನ್ನಡದ ಸೂಚನೆ ಇದ್ದವು. ಅಲ್ಲಿನ ಟೆಕ್ನಿಷಿಯನ್ ನನ್ನ ಬಳಿಯೇ ಓದಿದ್ದ ಹುಡುಗ. "ಅಕ್ಕೋರೇ, ಕೇಳಲೇಬೇಕು, ಈ ತಿಂಗಳು ಮುಟ್ಟು ತಪ್ಪಿಲ್ಲ ಅಲ್ವಾ?" ಎಂದು ಸಂಕೋಚದಿಂದಲೇ ಕೇಳಿದ. ಬೆಳೆಯುವ ಭ್ರೂಣದ ಜೀವಕೋಶಗಳು ವಿಕಿರಣಕ್ಕೆ ಬೇಗ ತುತ್ತಾಗುವುದರಿಂದ ಈ ಪ್ರಶ್ನೆಯನ್ನು ಕೇಳುವುದು ಅವನ ಕರ್ತವ್ಯ, ಸಂಕೋಚಪಡದೆ ಉತ್ತರಿಸುವುದು ನಮ್ಮ ಕರ್ತವ್ಯ. ಅಂಗಾತ ಮಲಗಿಸಿ ಒಂದು, ಮಗ್ಗುಲಾಗಿಸಿ ಮೊಣಕಾಲು ಮಡಿಸಿ ಇನ್ನೊಂದು, ಹೀಗೆ ಎರಡು ಚಿತ್ರ ತೆಗೆದ. ಪ್ರತಿ ಸಲವೂ ಉಸಿರು ಹಿಡಿಯಲು ಹೇಳಿ, ತಾನು ಸೀಸದ ತಗಡು ಹೊದಿಸಿದ ಮರೆಯ ಹಿಂದೆ ಸರಿದು ಗುಂಡಿ ಒತ್ತುತ್ತಿದ್ದ. ಕಿರಣ ಹಾಯ್ದದ್ದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು.

ಅವನ ಅಂಗಿಯ ಎದೆಯ ಮೇಲೆ ಚಿಕ್ಕ ಪ್ಲಾಸ್ಟಿಕ್ ಬ್ಯಾಜ್ ಇತ್ತು. ಅದು ಟಿಎಲ್‌ಡಿ ಬ್ಯಾಜ್, ಅಂದರೆ ಧರಿಸಿದವರ ಮೇಲೆ ಒಟ್ಟು ಎಷ್ಟು ವಿಕಿರಣ ಬಿದ್ದಿದೆ ಎಂಬುದನ್ನು ಅಳೆಯುವ ಸಾಧನ. ನಿಗದಿತ ಅವಧಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಲೆಕ್ಕ ತೆಗೆಯುತ್ತಾರೆ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರೂ ಇಂಥ ಬ್ಯಾಜ್ ಧರಿಸುತ್ತಾರೆ. ಕೈಗಾದ ಕಾರಣದಿಂದ ನಮ್ಮ ಜಿಲ್ಲೆಯಲ್ಲಿ ವಿಕಿರಣದ ಬಗ್ಗೆ ಚರ್ಚೆ ಹಳೆಯದು, ಭಯವೂ ಹಳೆಯದು. ಆದರೆ ಆಸ್ಪತ್ರೆಯಲ್ಲಿ ನಾವಾಗಿಯೇ ಕೇಳಿ ಪಡೆಯುವ ವಿಕಿರಣದ ಪ್ರಮಾಣವನ್ನು ವಿಚಾರಿಸುವವರು ಕಡಿಮೆ. ಮಣ್ಣು, ಗಾಳಿ, ಆಕಾಶ, ಆಹಾರಗಳಿಂದ ಜಗತ್ತಿನ ಒಬ್ಬ ವ್ಯಕ್ತಿಗೆ ಸಹಜವಾಗಿ ತಗಲುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ). ಎದೆಯ ಒಂದು ಎಕ್ಸ್-ರೇಯಿಂದ ತಗಲುವುದು ಸುಮಾರು 0.1, ಸೊಂಟದ ಬೆನ್ನುಮೂಳೆಯ ಎಕ್ಸ್-ರೇಯಿಂದ ಸುಮಾರು 1.5. ಈ ಅಂಕಿಗಳು ಗಾಬರಿ ಹುಟ್ಟಿಸುವಂಥವಲ್ಲ. ಹಾಗೆಂದು "ಹೇಗೂ ಬಂದಿದ್ದೇವೆ, ಇನ್ನೊಂದು ತೆಗೆದುಬಿಡಿ" ಎನ್ನುವಷ್ಟು ಹಗುರಾಗಿ ತೆಗೆದುಕೊಳ್ಳುವಂಥವೂ ಅಲ್ಲ.

ವಿಲ್‌ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್‌ನಲ್ಲಿ ಈ ಕಿರಣಗಳನ್ನು ಕಂಡು, ಮುಂದಿನ ತಿಂಗಳೇ ತಮ್ಮ ಪತ್ನಿಯ ಅಂಗೈಯ ಮೂಳೆಗಳ ಚಿತ್ರ ತೆಗೆದರು. ಆ ಮೊದಲ ಚಿತ್ರಗಳಿಂದ ಇಂದಿನವರೆಗೂ ಎಕ್ಸ್-ರೇಯ ತಿರುಳು ಒಂದೇ: ಕ್ಯಾಲ್ಸಿಯಂ ತುಂಬಿದ ಮೂಳೆ ಕಿರಣವನ್ನು ಹೆಚ್ಚು ತಡೆದು ಬಿಳಿಯಾಗಿ ಕಾಣುತ್ತದೆ, ಗಾಳಿ ಕಪ್ಪಾಗಿ, ಮಾಂಸಖಂಡ ಮತ್ತು ನೀರು ನಡುವಣ ಬೂದುಬಣ್ಣದಲ್ಲಿ ಕಾಣುತ್ತವೆ. ನನ್ನ ಚಿತ್ರದಲ್ಲಿ ಮೂಳೆಗಳು ಸಾಲಾಗಿದ್ದವು, ಎಲ್ಲಿಯೂ ಮುರಿತವಿರಲಿಲ್ಲ, ಜರುಗಿರಲಿಲ್ಲ. ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಆಗಲಿ, ಅಲ್ಲಿಂದ ಹೊರಡುವ ನರವಾಗಲಿ ಎಕ್ಸ್-ರೇಗೆ ಕಾಣುವುದಿಲ್ಲ. ಹಾಗಾಗಿ 'ನಾರ್ಮಲ್' ಎಂಬ ಆ ರಿಪೋರ್ಟಿನಿಂದ ಮೂಳೆಯ ಬಗ್ಗೆ ನೆಮ್ಮದಿ ಸಿಕ್ಕಿತೇ ಹೊರತು ನೋವಿನ ಬಗ್ಗೆ ಏನೂ ತಿಳಿಯಲಿಲ್ಲ.

ತೊಡೆಸಂದಿಗೆ ಬರುವ ಅಲೆನೋವು ಮೂತ್ರದ ಕಲ್ಲಿನದ್ದಿರಬಹುದೆಂದು ವೈದ್ಯರು ಹೊಟ್ಟೆಯ ಅಲ್ಟ್ರಾಸೌಂಡ್ ಬರೆದರು. ಜನ 'ಸ್ಕ್ಯಾನಿಂಗ್' ಎಂದಷ್ಟೇ ಹೇಳಿದರೆ ಸಾಮಾನ್ಯವಾಗಿ ಅದರ ಅರ್ಥ ಇದೇ. ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಬಂದ ಮೇಲೆ ನೀರು ಕುಡಿದು ಮೂತ್ರ ಕಟ್ಟಿಕೊಳ್ಳಬೇಕು ಎಂದು ಸೂಚನೆ ಇತ್ತು. ಖಾಲಿ ಹೊಟ್ಟೆಯಲ್ಲಿ ಪಿತ್ತಕೋಶ ತುಂಬಿಕೊಂಡು ಸ್ಪಷ್ಟವಾಗಿ ಕಾಣುತ್ತದೆ. ತುಂಬಿದ ಮೂತ್ರಕೋಶದ ನೀರು ಶಬ್ದದ ಅಲೆಗೆ ಒಳ್ಳೆಯ ದಾರಿಯಾಗಿ, ಅದರ ಹಿಂದಿರುವ ಅಂಗಗಳನ್ನು ತೋರಿಸಿಕೊಡುತ್ತದೆ. ಕಾಯುವ ಜಾಗದ ಬೆಂಚಿನ ಮೇಲೆ ನಮ್ಮಂಥವರ ಸಾಲೇ ಇತ್ತು, ಬಾಟಲಿ ಹಿಡಿದು ಗುಟುಕು ಗುಟುಕಾಗಿ ನೀರು ಕುಡಿಯುತ್ತ, ತಡೆಯಲಾಗುತ್ತಿಲ್ಲವೆಂದು ಮುಖ ಕಿವುಚುತ್ತ. ಎದುರಿನ ಗೋಡೆಯ ಮೇಲೆ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂಬ ಫಲಕ. 1994ರ ಕಾಯ್ದೆಯ ಪ್ರಕಾರ ಪ್ರತಿ ಕೇಂದ್ರವೂ ನೋಂದಣಿಯಾಗಿರಬೇಕು, ಈ ಫಲಕವನ್ನು ಹಾಕಿರಲೇಬೇಕು. ಹೆಣ್ಣುಮಕ್ಕಳ ಶಾಲಾ ಹಾಜರಿ ಪುಸ್ತಕವನ್ನು ವರ್ಷಗಟ್ಟಲೆ ತುಂಬಿದ ನನಗೆ ಆ ಫಲಕ ಬರೀ ನಿಯಮದ ಹಾಳೆಯಾಗಿ ಕಾಣಲಿಲ್ಲ.

ಒಳಗೆ ರೇಡಿಯಾಲಜಿಸ್ಟ್, ಅಂದರೆ ಇಂಥ ಚಿತ್ರಗಳನ್ನು ಓದುವ ತಜ್ಞ ವೈದ್ಯರೇ ಕುಳಿತಿದ್ದರು. ತಣ್ಣನೆಯ ಜೆಲ್ ಹಚ್ಚಿ ಪ್ರೋಬನ್ನು ಪಕ್ಕೆಗೆ ಒತ್ತಿದರು. ಚರ್ಮಕ್ಕೂ ಪ್ರೋಬಿಗೂ ನಡುವೆ ತೆಳುವಾದ ಗಾಳಿಯ ಪದರ ಉಳಿದರೂ ಶಬ್ದ ಅಲ್ಲೇ ಪ್ರತಿಫಲಿಸಿ ಮರಳುತ್ತದೆ, ಆ ಗಾಳಿಯನ್ನು ಹೊರಹಾಕುವುದಕ್ಕೇ ಜೆಲ್. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದ. ಹೊಟ್ಟೆ ನೋಡುವ ಪ್ರೋಬ್ ಹೊರಡಿಸುವುದು ಕೆಲವು ದಶಲಕ್ಷ ಕಂಪನಗಳ ಶಬ್ದ. ಅದು ದೇಹದೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಅಂಗಗಳ ಅಂಚಿಗೆ ತಾಗಿ ಮರಳುವ ಹೊತ್ತನ್ನು ಲೆಕ್ಕಹಾಕಿ ಯಂತ್ರವು ಪರದೆಯ ಮೇಲೆ ಚಿತ್ರ ಕಟ್ಟುತ್ತದೆ. ಇದರಲ್ಲಿ ವಿಕಿರಣವಿಲ್ಲ, ಆದ್ದರಿಂದಲೇ ಗರ್ಭಿಣಿಯರಿಗೂ ಮಕ್ಕಳಿಗೂ ಇದನ್ನು ಮೊದಲು ಆಯ್ದುಕೊಳ್ಳುತ್ತಾರೆ. ಚಿತ್ರ ಸರಿಯಾಗಿ ಮೂಡುವುದು ಪ್ರೋಬ್ ಹಿಡಿದ ಕೈಯ ಪಳಗುವಿಕೆಯನ್ನು ಬಹಳಷ್ಟು ಅವಲಂಬಿಸಿದೆ. ಅವರು ನನ್ನನ್ನು ಎಡಕ್ಕೆ ಹೊರಳಿಸಿ, ಉಸಿರು ಎಳೆಸಿ, ಪಕ್ಕೆಲುಬುಗಳ ಸಂದಿನಿಂದ ಬಹಳ ಹೊತ್ತು ನೋಡಿದರು. "ಬಲ ಕಿಡ್ನಿ ಸ್ವಲ್ಪ ಊದಿಕೊಂಡಿದೆ ಮೇಡಂ. ಕೆಳಗೆ ಎಲ್ಲೋ ತಡೆ ಇರಬೇಕು. ಆದರೆ ಕರುಳಿನ ಗ್ಯಾಸ್ ಅಡ್ಡ ಇದೆ, ಮೂತ್ರನಾಳದ ನಡುಭಾಗ ನನಗೆ ಕಾಣ್ತಾ ಇಲ್ಲ" ಎಂದರು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಅದು. ಮೂತ್ರಪಿಂಡದ ಒಳಗೇ ಕಲ್ಲಿದ್ದರೆ ಅದು ಬೆಳ್ಳಗೆ ಹೊಳೆದು, ಹಿಂದೆ ಕಪ್ಪು ನೆರಳು ಬೀಳಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ. ಕರುಳಿನ ಗಾಳಿಯ ಹಿಂದೆ ಅಡಗಿದ ಚಿಕ್ಕ ಕಲ್ಲನ್ನು ಶಬ್ದದಿಂದ ಹಿಡಿಯುವುದು ಕಷ್ಟ. ತನಗೆ ಕಾಣದ ಭಾಗ ಯಾವುದೆಂದು ಅವರು ರಿಪೋರ್ಟಿನಲ್ಲಿ ಬರೆದುಕೊಟ್ಟದ್ದರಿಂದಲೇ ಮುಂದಿನ ಹೆಜ್ಜೆ ಸ್ಪಷ್ಟವಾಯಿತು.

ಆ ಮುಂದಿನ ಹೆಜ್ಜೆ ಸಿಟಿ. ಇಲ್ಲಿ ನಾನು ವೈದ್ಯರನ್ನು ನೇರವಾಗಿ ಕೇಳಿದೆ, ಇದು ಬೇಕೇ, ಇದರ ವಿಕಿರಣ ಎಷ್ಟು ಎಂದು. ಹೊಟ್ಟೆಯ ಸಾಮಾನ್ಯ ಸಿಟಿಯಲ್ಲಿ ಸುಮಾರು 8 ಮಿಲಿಸೀವರ್ಟ್, ಕಲ್ಲು ಹುಡುಕುವುದಕ್ಕಷ್ಟೇ ಆದರೆ ಕಡಿಮೆ ಪ್ರಮಾಣದ ವಿಧಾನದಲ್ಲಿ 4ಕ್ಕಿಂತ ಒಳಗೆ ಮುಗಿಸಬಹುದು, ಕಿಡ್ನಿ ಊದಿರುವಾಗ ಕಾರಣ ತಿಳಿಯದೆ ಕೂರುವುದೇ ಹೆಚ್ಚು ಅಪಾಯ ಎಂದು ಅವರು ಉತ್ತರಿಸಿ, ಚೀಟಿಯಲ್ಲಿ ಕಡಿಮೆ ಪ್ರಮಾಣದ ವಿಧಾನ ಎಂದೇ ಸೇರಿಸಿದರು. ಇಂಥ ಪ್ರಶ್ನೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎಕ್ಸ್-ರೇಗೂ ಸಿಟಿಗೂ ಇರುವ ವ್ಯತ್ಯಾಸವನ್ನು ನಮ್ಮ ತೋಟದಲ್ಲಿ ನಿಂತು ಹೇಳಬಹುದು. ಅಡಿಕೆ ಕೊನೆಯನ್ನು ಒಂದೇ ಬದಿಯಿಂದ ನೋಡಿದರೆ ಎದುರಿನ ಕಾಯಿಗಳ ಹಿಂದೆ ಏನಿದೆ ಎಂಬುದು ಕಾಣುವುದಿಲ್ಲ, ಸುತ್ತ ತಿರುಗಿ ನೋಡಿದರೆ ಒಳಸಾಲಿನ ಕೊಳೆತ ಕಾಯಿಯೂ ಕಣ್ಣಿಗೆ ಬೀಳುತ್ತದೆ. ಸಿಟಿಯಲ್ಲಿ ಎಕ್ಸ್-ರೇ ಕೊಳವೆಯೇ ದೇಹದ ಸುತ್ತ ತಿರುಗುತ್ತದೆ, ನೂರಾರು ಕೋನಗಳಿಂದ ಬಂದ ಅಳತೆಗಳನ್ನು ಸೇರಿಸಿ ಕಂಪ್ಯೂಟರ್ ದೇಹದ ಅಡ್ಡಸೀಳಿಕೆಗಳನ್ನು ರಚಿಸುತ್ತದೆ. ಬ್ರಿಟನ್ನಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಯೋಚಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂದಿತು. ಸಿಟಿಯಲ್ಲಿ ಪ್ರತಿ ಚುಕ್ಕಿಯ ಸಾಂದ್ರತೆಯನ್ನು ಹೇಳುವ ಅಂಕಿಗೆ ಇಂದಿಗೂ ಹೌನ್ಸ್‌ಫೀಲ್ಡ್ ಅವರದೇ ಹೆಸರು. ಆ ಅಳತೆಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000.

ಮೇಜು ಬಳೆಯಾಕಾರದ ಯಂತ್ರದೊಳಗೆ ಹೋಗಿ ಬಂದದ್ದು ಕೆಲವೇ ಕ್ಷಣ. ಉಸಿರು ಹಿಡಿಯಿರಿ, ಬಿಡಿ ಎಂದು ಯಂತ್ರದ ಧ್ವನಿ ಹಿಂದಿಯಲ್ಲಿ ಹೇಳುತ್ತಿತ್ತು. ನನಗಿಂತ ಮೊದಲು ಮಲಗಿದ್ದ ಅಜ್ಜಿಗೆ ಅದು ಅರ್ಥವಾಗದೆ, ಟೆಕ್ನಿಷಿಯನ್ ಒಳಗೆ ಬಂದು "ಅಜ್ಜಿ, ನಾ ಹೇಳಿದಾಗ ಉಸಿರು ಕಟ್ಟಿ ಹಿಡ್ಕೊಳಿ" ಎಂದು ಕೈಸನ್ನೆ ಮಾಡಿ ಕಲಿಸಬೇಕಾಯಿತು. ಉಸಿರಾಡಿದರೆ ಚಿತ್ರ ಕದಡುತ್ತದೆ, ಕದಡಿದರೆ ಮತ್ತೊಮ್ಮೆ ವಿಕಿರಣ. ನಮ್ಮ ಊರುಗಳಲ್ಲಿ ಇಡುವ ಯಂತ್ರಕ್ಕೆ ಕನ್ನಡದ ಧ್ವನಿ ತುಂಬುವುದು ದೊಡ್ಡ ಕೆಲಸವಲ್ಲ, ಅದನ್ನು ಮಾಡಬೇಕು. ಸಿದ್ದಾಪುರ ಕಡೆಯಿಂದ ಬಂದಿದ್ದ ಇನ್ನೊಬ್ಬರಿಗೆ ರಕ್ತನಾಳಕ್ಕೆ ಔಷಧ ಕೊಟ್ಟು ಸಿಟಿ ಮಾಡುವುದಿತ್ತು. ಅದು ಅಯೋಡಿನ್ ಇರುವ ಔಷಧ, ರಕ್ತನಾಳಗಳನ್ನೂ ಗಡ್ಡೆಗಳನ್ನೂ ಎತ್ತಿ ತೋರಿಸುತ್ತದೆ. ಮೂತ್ರಪಿಂಡವೇ ಅದನ್ನು ಹೊರಹಾಕಬೇಕಾದ್ದರಿಂದ ಮೊದಲು ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳಿದರು, ಅಲರ್ಜಿ, ಉಬ್ಬಸ, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವನ್ನೂ ವಿಚಾರಿಸಿದರು. ಚುಚ್ಚಿದಾಗ ಮೈಯೆಲ್ಲ ಬಿಸಿಯಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ ಆಗುವುದು ಸಹಜ ಎಂದು ಮೊದಲೇ ಹೇಳಿದ್ದರಿಂದ ಅವರು ಹೆದರಲಿಲ್ಲ.

ನನ್ನ ಮೂತ್ರನಾಳದ ನಡುಭಾಗದಲ್ಲಿ 4 ಮಿಲಿಮೀಟರಿನ ಕಲ್ಲು ಸಿಕ್ಕಿತು. ವೈದ್ಯರು ಹಳೆಯ ಎಕ್ಸ್-ರೇಯನ್ನು ಮತ್ತೆ ಬೆಳಕಿಗೆ ಹಿಡಿದು, ಸಿಟಿಯಲ್ಲಿ ಕಂಡ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆಯಾದ ತ್ರಿಕಾಸ್ಥಿಯ ಬಿಳಿಯ ಮೇಲೆ ಸಾಸಿವೆಯಷ್ಟು ಇನ್ನೊಂದು ಬಿಳಿ ಚುಕ್ಕಿ, ಅಲ್ಲೇ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ಮೂಳೆಯನ್ನು ಕುರಿತು ಕೇಳಿದ ಚಿತ್ರದಲ್ಲಿ, ಮೂಳೆಯ ನೆರಳಿನೊಳಗೆ ಬೆರೆತುಹೋಗಿದ್ದ ಆ ಚುಕ್ಕಿಯನ್ನು ಯಾರೂ ಹುಡುಕಿರಲಿಲ್ಲ, ಹುಡುಕಿದ್ದರೂ ಕಲ್ಲೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಇಷ್ಟು ಚಿಕ್ಕ ಕಲ್ಲು ಹೆಚ್ಚಾಗಿ ತಾನೇ ಇಳಿದುಹೋಗುತ್ತದೆ ಎಂದರು, ಹಾಗೆಯೇ ಇಳಿಯಿತು.

ಸಿಟಿಯ ವಿಷಯ ಬಂದಾಗ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಪಾರ್ಶ್ವವಾಯು ಹೊಡೆದಾಗ ಅದು ರಕ್ತ ಹೆಪ್ಪುಗಟ್ಟಿ ಆದದ್ದೋ, ರಕ್ತಸ್ರಾವದಿಂದ ಆದದ್ದೋ ಎಂಬುದನ್ನು ಮೊದಲು ಸಿಟಿಯೇ ಹೇಳಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ರಕ್ತಸ್ರಾವವಿದ್ದವರಿಗೆ ಕೊಟ್ಟರೆ ಅದೇ ಪ್ರಾಣಕ್ಕೆ ಎರವಾಗುತ್ತದೆ. ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ, ನಾವು ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಓಡುವ ಈ ಜಿಲ್ಲೆಯಲ್ಲಿ ಆ ನಾಲ್ಕೂವರೆ ಗಂಟೆಯ ದೊಡ್ಡ ಪಾಲು ರಸ್ತೆಯಲ್ಲೇ ಕಳೆಯುತ್ತದೆ. ಪ್ರತಿ ತಾಲೂಕಿನಲ್ಲಿ ರಾತ್ರಿಯೂ ನಡೆಯುವ ಸಿಟಿ ಯಂತ್ರ, ಅದರ ಚಿತ್ರವನ್ನು ದೂರದಿಂದಲಾದರೂ ಕೂಡಲೇ ಓದುವ ರೇಡಿಯಾಲಜಿಸ್ಟ್ ಇರಬೇಕೆಂದು ಕೇಳುವುದು ಐಷಾರಾಮದ ಬೇಡಿಕೆಯಲ್ಲ.

ಕಲ್ಲು ಹೋದ ಮೇಲೆ ತೊಡೆಸಂದಿಯ ನೋವು ನಿಂತಿತು. ಕಾಲಿಗೆ ಇಳಿಯುವ ಸೆಳೆತ ನಿಲ್ಲಲಿಲ್ಲ, ಹೆಬ್ಬೆರಳ ಬಳಿ ಜೋಮು ಬೇರೆ ಸೇರಿಕೊಂಡಿತು. ಔಷಧ, ವಿಶ್ರಾಂತಿ ಎಂದು ವಾರಗಳು ಕಳೆದರೂ ಕಡಿಮೆಯಾಗದಿದ್ದಾಗ ಮುಂಡಗೋಡ ಮಾರ್ಗವಾಗಿ ಹುಬ್ಬಳ್ಳಿಯ ನರತಜ್ಞರಲ್ಲಿಗೆ ಹೋದೆವು. ಅವರು ಹೆಬ್ಬೆರಳನ್ನು ತಮ್ಮ ಕೈಯ ಒತ್ತಡಕ್ಕೆ ಎದುರಾಗಿ ಮೇಲೆತ್ತಲು ಹೇಳಿ, ಬಲಗಡೆ ಶಕ್ತಿ ಸ್ವಲ್ಪ ಕುಗ್ಗಿರುವುದನ್ನು ಗುರುತಿಸಿ, ನಾಲ್ಕು ಮತ್ತು ಐದನೆಯ ಸೊಂಟದ ಮೂಳೆಗಳ ನಡುವೆ ನರ ಒತ್ತಿರಬೇಕೆಂದು ಎಂಆರ್‌ಐಗೆ ಮೊದಲೇ ಹೇಳಿದರು.

ಎಂಆರ್‌ಐಗೆ ಹೋಗುವ ಹಿಂದಿನ ದಿನವೇ ಒಂದು ಕೆಲಸವಿತ್ತು. ಮೈಮೇಲೆ ಲೋಹದ ಯಾವ ವಸ್ತುವೂ ಇರಬಾರದು ಎಂದಿದ್ದರು. ಕರಿಮಣಿ, ಕಾಲುಂಗುರ ತೆಗೆಯುವುದು ಕಷ್ಟವಲ್ಲ. ಮದುವೆಗಿಂತ ಮೊದಲು ಚುಚ್ಚಿಸಿದ ಮೂಗುಬೊಟ್ಟಿನ ತಿರುಪು ಮಾತ್ರ ಕೂತುಬಿಟ್ಟಿತ್ತು. ಚಿನ್ನದ ಕೆಲಸದ ಶೇಟರ ಅಂಗಡಿಗೆ ಹೋಗಿ, ಅವರು ಒಂದು ಹನಿ ಎಣ್ಣೆ ಬಿಟ್ಟು, ಸಣ್ಣ ಚಿಮ್ಮಟದಲ್ಲಿ ತಿರುಪನ್ನು ಹಿಡಿದು ನಿಧಾನವಾಗಿ ಬಿಚ್ಚಿಕೊಟ್ಟರು. ಚಿನ್ನವನ್ನು ಅಯಸ್ಕಾಂತ ಸೆಳೆಯದಿದ್ದರೂ, ಬೆರಕೆಯ ಲೋಹವಿರಬಹುದು, ರೇಡಿಯೊ ಅಲೆಗೆ ಬಿಸಿಯಾಗಬಹುದು, ಚಿತ್ರವನ್ನೂ ಕೆಡಿಸಬಹುದು. ಸೀರೆಯ ಪಿನ್ನು, ರವಿಕೆಯ ಹುಕ್ಕು, ತಲೆಯ ಕ್ಲಿಪ್ಪುಗಳನ್ನು ನಾವು ಲೋಹವೆಂದು ಎಣಿಸುವುದೇ ಇಲ್ಲವಾದ್ದರಿಂದ ಅಲ್ಲಿನ ನರ್ಸ್ ಒಂದೊಂದನ್ನೂ ಹೆಸರಿಸಿ ಕೇಳಿ, ಆಸ್ಪತ್ರೆಯ ನಿಲುವಂಗಿ ತೊಡಿಸಿದರು. ಬಳಿಕ ಪ್ರಶ್ನೆಗಳ ಹಾಳೆ: ಹೃದಯಕ್ಕೆ ಪೇಸ್‌ಮೇಕರ್ ಇದೆಯೇ, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ, ಕಿವಿಯೊಳಗೆ ಯಂತ್ರವಿದೆಯೇ, ಮೂಳೆಗೆ ರಾಡ್ ಇದೆಯೇ, ಕಾಪರ್-ಟಿ ಇದೆಯೇ, ವೆಲ್ಡಿಂಗ್ ಕೆಲಸ ಮಾಡಿ ಕಣ್ಣಿಗೆ ಲೋಹದ ಚೂರು ಸಿಡಿದದ್ದುಂಟೇ. ಇವುಗಳಲ್ಲಿ ಕೆಲವು ಇದ್ದರೂ ಎಂಆರ್‌ಐ ಮಾಡಬಹುದು, ಕೆಲವಿದ್ದರೆ ಮಾಡಲೇಬಾರದು. ಅದನ್ನು ನಿರ್ಧರಿಸಬೇಕಾದವರು ಅವರು, ಮುಚ್ಚಿಡದೆ ಹೇಳಬೇಕಾದವರು ನಾವು. ಜೊತೆಗೆ ಬಂದಿದ್ದ ನಮ್ಮನೆಯವರನ್ನು ಮೊಬೈಲು, ಕೀಲಿ, ಗಡಿಯಾರ, ಎಟಿಎಂ ಕಾರ್ಡುಗಳ ಸಮೇತ ಹೊರಬಾಗಿಲಲ್ಲೇ ನಿಲ್ಲಿಸಿದರು. ಚಿತ್ರ ತೆಗೆಯದಿರುವಾಗಲೂ ಅಲ್ಲಿನ ಅಯಸ್ಕಾಂತ ಸದಾ ಜಾಗೃತವಾಗಿರುತ್ತದೆ, ಕಬ್ಬಿಣದ ಆಮ್ಲಜನಕ ಸಿಲಿಂಡರನ್ನು ಕೂಡ ಸೆಳೆದು ಹಾರಿಸಿಬಿಡುವಷ್ಟು ಬಲ ಅದಕ್ಕಿದೆ.

ಆ ಯಂತ್ರದ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ 30,000 ಪಟ್ಟಿಗಿಂತ ಹೆಚ್ಚು. ಇಷ್ಟು ಬಲ ಬರಲು ಅದರೊಳಗಿನ ವಿಶೇಷ ತಂತಿಯ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಷ್ಟು ತಂಪಾಗಿಡುತ್ತಾರೆ. ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಗಳು ಈ ಕ್ಷೇತ್ರಕ್ಕೆ ಹೊಂದಿಕೊಂಡು ನಿಂತಾಗ, ಅವುಗಳಿಗೆ ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ಅಲೆಯನ್ನು ಕೊಟ್ಟು ಕದಲಿಸುತ್ತಾರೆ. ಕಾರವಾರದ ಆಕಾಶವಾಣಿಯನ್ನು ನಾವು ಕೇಳುವ ಎಫ್‌ಎಂ ಪಟ್ಟಿ 88ರಿಂದ ಶುರುವಾಗುತ್ತದೆ, ಅದಕ್ಕಿಂತ ತುಸು ಕೆಳಗಿನ ಅಲೆ ಇದು. ಕದಲಿದ ಬೀಜಗಳು ಮೊದಲಿನ ಸ್ಥಿತಿಗೆ ಮರಳುವಾಗ ಹೊರಡುವ ಕ್ಷೀಣ ಸಂಕೇತದಿಂದ ಚಿತ್ರ ಮೂಡುತ್ತದೆ. 1973ರಲ್ಲಿ ಪಾಲ್ ಲಾಟರ್ಬರ್ ಈ ಸಂಕೇತದಿಂದ ಚಿತ್ರ ರಚಿಸುವ ದಾರಿ ತೋರಿಸಿದರು, ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ವೇಗಗೊಳಿಸಿದರು, ಇಬ್ಬರಿಗೂ 2003ರಲ್ಲಿ ನೊಬೆಲ್ ಬಂದಿತು. ಇದರಲ್ಲಿಯೂ ಎಕ್ಸ್-ರೇಯಂಥ ವಿಕಿರಣವಿಲ್ಲ.

ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನ್, ಕೈಗೆ ಒಂದು ರಬ್ಬರಿನ ಬುರುಡೆ. ಹೆದರಿಕೆಯಾದರೆ ಅದನ್ನು ಹಿಚುಕಬೇಕು, ಕೂಡಲೇ ಹೊರತೆಗೆಯುತ್ತೇವೆ ಎಂದರು. ಕೊಳವೆಯೊಳಗೆ ಸರಿದಾಗ ಮುಖದ ಮೇಲೆಯೇ ಚಾವಣಿ ಬಂದಂತೆ ಎದೆ ಬಿಗಿಯಿತು, ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತ ಮಲಗಿದೆ. ನಂತರ ಸದ್ದು ಶುರುವಾಯಿತು: ಒಮ್ಮೆ ಬಾಗಿಲು ಬಡಿದಂತೆ, ಒಮ್ಮೆ ಉದ್ದಕ್ಕೂ ಗುಂಯ್‌ಗುಟ್ಟಿದಂತೆ, ನಡುವೆ ಮೌನ, ಮತ್ತೆ ಇನ್ನೊಂದು ಲಯ. ಜಾಗವನ್ನು ಗುರುತಿಸಲು ಬಳಸುವ ಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಅವು ಅದುರಿ ಈ ಸದ್ದಾಗುತ್ತದೆ. ಅರ್ಧ ಗಂಟೆ ಅಲುಗಾಡದೆ ಮಲಗುವುದು ಸೊಂಟನೋವಿನವರಿಗೆ ಸುಲಭವಲ್ಲ, ಮೊಣಕಾಲ ಕೆಳಗೆ ಇಟ್ಟುಕೊಟ್ಟ ದಿಂಬಿನಿಂದ ನಿಭಾಯಿಸಿದೆ.

ಫಿಲ್ಮಿನಲ್ಲಿ ನನ್ನ ಬೆನ್ನುಮೂಳೆಯನ್ನು ಮಗ್ಗುಲಿನಿಂದ ನೋಡಿದಾಗ, ನೀರು ಬೆಳ್ಳಗೆ ಕಾಣುವ ಬಗೆಯ ಚಿತ್ರದಲ್ಲಿ, ಮೇಲಿನ ಡಿಸ್ಕುಗಳ ನಡುಭಾಗ ತಿಳಿಯಾಗಿ ಹೊಳೆಯುತ್ತಿತ್ತು. ಕೆಳಗಿನ ಎರಡು ನೀರಿನಂಶ ಕಳೆದುಕೊಂಡು ಕಪ್ಪಾಗಿದ್ದವು. ನಾಲ್ಕು ಮತ್ತು ಐದನೆಯ ಮೂಳೆಗಳ ನಡುವಿನದು ಬಲಕ್ಕೆ ಹೊರಚಾಚಿ ನರವನ್ನು ಒತ್ತಿತ್ತು, ಅದರ ಕೆಳಗಿನದು ಎಡಕ್ಕೆ ಉಬ್ಬಿತ್ತು. ರಿಪೋರ್ಟಿನಲ್ಲಿ ಎರಡನ್ನೂ ಬರೆದು, ಕೊನೆಯಲ್ಲಿ ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡಬೇಕು ಎಂದು ಸೇರಿಸಿದ್ದರು. ಎರಡು ಡಿಸ್ಕ್ ಎಂದು ಓದಿದೊಡನೆ ಮನೆಯಲ್ಲಿ ಅತ್ತೆ ಆಪರೇಷನ್ ಚಿಂತೆಗೆ ಬಿದ್ದರು. ನರತಜ್ಞರು ಎಡಗಡೆಯ ಉಬ್ಬನ್ನು ನೋಡಿ ಪಕ್ಕಕ್ಕಿಟ್ಟರು, ಎಡಗಾಲಿನಲ್ಲಿ ನನಗೆ ಯಾವ ತೊಂದರೆಯೂ ಇರಲಿಲ್ಲ. ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲಿ ಶೇ. 30, ಎಂಬತ್ತರವರಲ್ಲಿ ಶೇ. 84 ಮಂದಿಯ ಡಿಸ್ಕ್ ಉಬ್ಬಿರುವುದು ಕಂಡುಬಂದಿದೆ. ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಯಾಗಬೇಕಿಲ್ಲ. ಬಲಗಡೆಯ ಉಬ್ಬು ಮಾತ್ರ ಅವರು ಹೆಬ್ಬೆರಳು ಹಿಡಿದು ಮೊದಲೇ ಹೇಳಿದ್ದ ಜಾಗದಲ್ಲೇ ಇದ್ದುದರಿಂದ ಅದಕ್ಕೆ ಅರ್ಥವಿತ್ತು. ಫಿಸಿಯೋಥೆರಪಿ ಸಾಕು, ಬಹಳಷ್ಟು ಜನರಿಗೆ ಇದು ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತದೆ ಎಂದರು.

ಫಿಲ್ಮುಗಳನ್ನೂ ಸಿಡಿಯನ್ನೂ ಈಗ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟಿದ್ದೇನೆ. ನಮ್ಮ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಲೆಯ ಹತ್ತಿರವೋ ಕಾರಿನ ಬಿಸಿಯಲ್ಲೋ ಇಟ್ಟರೆ ಕಪ್ಪಾಗುತ್ತವೆ, ಆದ್ದರಿಂದ ನಡುವೆ ಕಾಗದ ಇಟ್ಟು ಕಪಾಟಿನಲ್ಲಿ ಇಡುವುದು ಒಳ್ಳೆಯದು. ಹಳೆಯ ಚಿತ್ರ ಕೈಯಲ್ಲಿದ್ದರೆ ಹೊಸ ವೈದ್ಯರಿಗೆ ಹೋಲಿಸಿ ನೋಡಲು ಸಿಗುತ್ತದೆ, ಮತ್ತೊಮ್ಮೆ ತೆಗೆಸುವ ಖರ್ಚೂ ವಿಕಿರಣವೂ ಕೆಲವೊಮ್ಮೆ ತಪ್ಪುತ್ತದೆ. ಗುಣವಾಗಿದೆಯೋ ಎಂದು ನೋಡಲು ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ ಬೇಕೇ ಎಂದು ನಮ್ಮನೆಯವರು ಕೇಳಿದ್ದಕ್ಕೆ ನರತಜ್ಞರು ಬೇಡವೆಂದರು. ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಾದರೆ, ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯದೆ, ರಾತ್ರಿಯಾದರೂ ಸರಿ, ಚಿತ್ರಗಳ ಚೀಲದೊಂದಿಗೆ ಬರಬೇಕೆಂದು ಹೇಳಿ, ಆ ಮೂರನ್ನೂ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು.